ಚಿನ್ನದ ನ್ಯಾನೋ ಕಣ ಮತ್ತು ಕೋಶಪೊರೆ: ಕೋಟಿಂಗ್ ಮೊದಲು ಆರಿಸಿ, ಗಾತ್ರ ಆಮೇಲೆ

ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕಡೆಯಿಂದ, ಶಿವಮೊಗ್ಗದ ಕಾಲೇಜುಗಳ ಕಡೆಯಿಂದ ಒಂದೇ ಪ್ರಶ್ನೆ ಬರುತ್ತದೆ. "ಚಿನ್ನದ ನ್ಯಾನೋ ಕಣ ಕೋಶಪೊರೆಗೆ ತಾಗಿದ್ರೆ ಏನಾಗುತ್ತೆ ನೋಡ್ಬೇಕು, ಎಷ್ಟು ನ್ಯಾನೋಮೀಟರಿಂದು ತಗೊಳ್ಳಲಿ?" ಗಾತ್ರದಿಂದ ಶುರು ಮಾಡಬೇಡಿ. ಕಣದ ಒಳಗಿರುವುದು ಚಿನ್ನ, ನಿಜ. ಆದರೆ ಪೊರೆಗೆ ಮೊದಲು ತಾಗುವುದು ಕಣದ ಮೈಮೇಲೆ ಕೂತಿರುವ ಸಿಟ್ರೇಟು, ಪೆಗ್ಗು (ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಪಾಲಿಮರ್), ಸಿ-ಟ್ಯಾಬು (ಒಂದು ಡಿಟರ್ಜೆಂಟು), ಇಲ್ಲವೇ ಸೀರಂ (ರಕ್ತದ ತಿಳಿ) ಹಾಕಿದ ಮೇಲೆ ಬಂದು ಮೆತ್ತಿಕೊಂಡ ಪ್ರೋಟೀನು. ಒಂದೇ ಗಾತ್ರದ ಎರಡು ಕಣ ತಗೊಳ್ಳಿ, ಕೋಟಿಂಗ್ ಬೇರೆ ಬೇರೆ ಇರಲಿ. ಒಂದು ಪೊರೆಯಲ್ಲಿ ತೂತು ಮಾಡುತ್ತದೆ, ಇನ್ನೊಂದು ಪಕ್ಕದಲ್ಲೇ ತೇಲಿಕೊಂಡು ಸುಮ್ಮನಿರುತ್ತದೆ.

ಪೊರೆಯ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಲಿಪಿಡ್‌ಗಳು ಎರಡು ಸಾಲಾಗಿ ನಿಂತ ಪದರ ಅದು, ದಪ್ಪ ಬರೀ 4-5 ನ್ಯಾನೋಮೀಟರ್. ಅದರಲ್ಲಿ ಪ್ರೋಟೀನು ಸಿಕ್ಕಿಕೊಂಡಿವೆ, ಹೊರಮೈ ಮೇಲೆ ಸಕ್ಕರೆಯ ಸರಗಳು ಚಾಚಿಕೊಂಡಿವೆ. ಆ ಸಕ್ಕರೆಗಳ ತುದಿಯಲ್ಲಿ ಸಿಯಾಲಿಕ್ ಆಮ್ಲ ಇರುವುದರಿಂದ ಜೀವಕೋಶದ ಹೊರಮೈ ಒಟ್ಟಾರೆ ಋಣ ಚಾರ್ಜಿನದು. ಅಂದರೆ ನೀವು 15 ನ್ಯಾನೋಮೀಟರಿನ ಕಣ ಹಾಕಿದರೂ ಅದು ಪೊರೆಯ ದಪ್ಪಕ್ಕಿಂತ ಮೂರು ಪಟ್ಟು ದೊಡ್ಡದು. ಅದು ಲಿಪಿಡ್‌ಗಳ ನಡುವೆ ಸುಮ್ನೆ ತೂರಿಕೊಂಡು ಹೋಗಲಾರದು. ಪೊರೆಯೇ ಬಗ್ಗಿ ಅದನ್ನು ಸುತ್ತಿಕೊಂಡು ಒಳಗೆ ಎಳೆದುಕೊಳ್ಳಬೇಕು, ಇಲ್ಲವೇ ಪೊರೆ ಹರಿಯಬೇಕು.

ನಿಮ್ಮ ಪ್ರಶ್ನೆ ಯಾವುದು?

"ಪೊರೆ ಜೊತೆ ಹೇಗೆ ವರ್ತಿಸುತ್ತದೆ" ಅನ್ನುವುದು ಒಂದೇ ಪ್ರಶ್ನೆಯಲ್ಲ. ಕಣ ಪೊರೆಗೆ ಅಂಟುತ್ತದಾ, ಪೊರೆಯನ್ನು ಸೋರಿಸುತ್ತದಾ, ಒಳಗೆ ಹೋಗುತ್ತದಾ, ಹೋದಮೇಲೆ ಪೊರೆ ಸುತ್ತಿಕೊಂಡ ಚೀಲದೊಳಗೇ ಸಿಕ್ಕಿಬೀಳುತ್ತದಾ: ನಾಲ್ಕಕ್ಕೂ ಬೇರೆ ಬೇರೆ ಕಣ ಬೇಕು, ಬೇರೆ ಬೇರೆ ಪೊರೆ ಬೇಕು, ಬೇರೆ ಮೆಷಿನ್ನೂ ಬೇಕು. ಒಂದು ಸೆಮಿಸ್ಟರಿನಲ್ಲಿ ನಾಲ್ಕಕ್ಕೂ ಕೈ ಹಾಕಿದರೆ ಒಂದೂ ಮುಗಿಯುವುದಿಲ್ಲ.

ಸ್ಪೆಕ್ಟ್ರೋಫೋಟೋಮೀಟರು, ಸೆಂಟ್ರಿಫ್ಯೂಜು, ಒಂದು ಫ್ರಿಜ್ಜು ಮಾತ್ರ ಇರುವ ಲ್ಯಾಬಾದರೆ ಅಂಟುವುದು ಮತ್ತು ಸೋರಿಸುವುದು, ಈ ಎರಡನ್ನೇ ಹಿಡಿದುಕೊಳ್ಳಿ. ಸಿಟ್ರೇಟ್ ಗುಂಡು ಕಣ, ಅದೇ ಕಣಕ್ಕೆ ಪೆಗ್ ಹಾಕಿದ್ದು ಇನ್ನೊಂದು, ಇವೆರಡನ್ನೂ ಲೈಪೋಸೋಮ್ (ಲಿಪಿಡ್ಡಿನಿಂದ ಮಾಡಿದ ಕೃತಕ ಪೊರೆಯ ಚೀಲ) ಮೇಲೆ, ಆಮೇಲೆ ಕೆಂಪು ರಕ್ತಕಣದ ಮೇಲೆ ನೋಡಿ. ಇಷ್ಟು ಅಚ್ಚುಕಟ್ಟಾಗಿ ಮಾಡಿದರೆ ಒಳ್ಳೆಯ ಥೀಸಿಸ್ ಆಗುತ್ತದೆ. ಕೋಶದೊಳಗೆ ಎಷ್ಟು ಹೋಯಿತು ಅನ್ನುವ ಲೆಕ್ಕಕ್ಕೆ ಸೆಲ್ ಕಲ್ಚರ್ ರೂಮು, ಐಸಿಪಿ-ಎಂಎಸ್ (ಚಿನ್ನ ಎಷ್ಟಿದೆ ಎಂದು ಅಳೆಯುವ ಮೆಷಿನ್ನು), ಎಲೆಕ್ಟ್ರಾನ್ ಮೈಕ್ರೋಸ್ಕೋಪು ಎಲ್ಲ ಬೇಕು. ಅದಿಲ್ಲದೆ ಆ ಪ್ರಶ್ನೆ ಎತ್ತಿಕೊಳ್ಳಬೇಡಿ.

ಕೋಟಿಂಗ್: ಇಲ್ಲೇ ಅರ್ಧ ತೀರ್ಮಾನ

ಸಿಟ್ರೇಟಿನಿಂದ ಶುರು ಮಾಡೋಣ. 1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ತೋರಿಸಿದ ದಾರಿ ಇದು. ಕುದಿಯುವ, ಚಿನ್ನ ಕರಗಿರುವ ಕ್ಲೋರೋ ಆರಿಕ್ ಆಮ್ಲದ ನೀರಿಗೆ ಸೋಡಿಯಂ ಸಿಟ್ರೇಟ್ ಸುರಿಯುತ್ತೀರಿ, ತಿಳಿ ಹಳದಿ ಹೋಗಿ ಬಣ್ಣವೇ ಇಲ್ಲದಂತಾಗುತ್ತದೆ, ಆಮೇಲೆ ಬೂದು, ಕಪ್ಪುನೀಲಿ, ಕೆಲವೇ ನಿಮಿಷದಲ್ಲಿ ಮುರುಗಲು ಶರಬತ್ತಿನ ಕೆಂಪು. ಅಗ್ಗ, ಸುಲಭ, 15 ನ್ಯಾನೋಮೀಟರಿನ ಆಸುಪಾಸಿನಲ್ಲಿ ತುಂಬಾ ಚೆನ್ನಾಗಿ ಬರುತ್ತದೆ. ಸಿಟ್ರೇಟ್ ಚಿನ್ನವನ್ನು ಗಟ್ಟಿಯಾಗಿ ಹಿಡಿದುಕೊಂಡಿರುವುದಿಲ್ಲ, ಬೇರೆ ಯಾರಾದರೂ ಬಂದರೆ ಜಾಗ ಬಿಟ್ಟುಕೊಡುತ್ತದೆ. ಅದರ ಗುಣವೂ ಇದೇ, ದೋಷವೂ ಇದೇ. ಥಯೋಲ್ (ಚಿನ್ನಕ್ಕೆ ಗಟ್ಟಿಯಾಗಿ ಅಂಟುವ, ಗಂಧಕ ಇರುವ ಅಣು) ಹಾಕಿ ಬೇಕಾದ ಕೋಟಿಂಗಿಗೆ ಬದಲಾಯಿಸಿಕೊಳ್ಳಬಹುದು, ಅದು ಗುಣ. ದೋಷ ಏನೆಂದರೆ ಉಪ್ಪು ಕಂಡರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೋಶ ಬೆಳೆಸುವ ಕಲ್ಚರ್ ಮೀಡಿಯಂನಲ್ಲಿ, ಪಿಬಿಎಸ್ ಅನ್ನುವ ಫಾಸ್ಫೇಟ್ ಬಫರಿನಲ್ಲಿ ಉಪ್ಪು ಎಷ್ಟಿರುತ್ತದೆ ಗೊತ್ತಲ್ವಾ? ಸೀರಂ ಇಲ್ಲದ ಮೀಡಿಯಂಗೆ ಸಿಟ್ರೇಟ್ ಕಣ ಹಾಕಿದರೆ ಕೆಂಪು ಹೋಗಿ ನೇರಳೆ, ನೀಲಿ ಆಗುತ್ತದೆ, ತಳದಲ್ಲಿ ಕೂರುತ್ತದೆ. ಆಮೇಲೆ ನೀವು ನೋಡುತ್ತಿರುವುದು 15 ನ್ಯಾನೋಮೀಟರಿನ ಕಣವನ್ನಲ್ಲ, ಮೈಕ್ರೋಮೀಟರಿಗೆ ಹತ್ತಿರದ ಗಂಟುಗಳನ್ನು.

ಸೀರಂ ಇದ್ದರೆ ಬೇರೆ ಕಥೆ. ಅಲ್ಬುಮಿನ್ ಮುಂತಾದ ಪ್ರೋಟೀನು ಕ್ಷಣದಲ್ಲೇ ಬಂದು ಕಣದ ಸುತ್ತ ಕೂರುತ್ತವೆ. ಇದಕ್ಕೆ ಪ್ರೋಟೀನ್ ಕೊರೋನಾ ಅನ್ನುತ್ತಾರೆ. 2007ರಲ್ಲಿ ಡಾಸನ್ ಮತ್ತು ಲಿನ್ಸೆ ಅವರ ತಂಡ ಇದನ್ನು ಅಳೆದು ತೋರಿಸಿದ ಮೇಲೆ ಈ ವಿಷಯ ಯಾರೂ ತಳ್ಳಿಹಾಕುವಂತಿಲ್ಲ. ಗಂಟು ಕಟ್ಟುವುದು ನಿಲ್ಲುತ್ತದೆ, ಒಳ್ಳೆಯದೇ. ಆದರೆ ಪೊರೆಗೆ ಕಾಣುವುದು ಈಗ ಅಲ್ಬುಮಿನ್ ಹೊದ್ದುಕೊಂಡ ಉಂಡೆ. ನೀವು ಶ್ರಮಪಟ್ಟು ಹಾಕಿದ ಚಾರ್ಜು, ಲಿಗ್ಯಾಂಡು (ಕಣದ ಮೈಗೆ ಕಟ್ಟಿದ ಅಣು) ಎಲ್ಲ ಅದರ ಕೆಳಗೆ ಮುಚ್ಚಿಹೋಗಿರುತ್ತದೆ. ಹಾಗಾಗಿ "ಸಿಟ್ರೇಟ್ ಕಣ ಕೋಶದೊಳಗೆ ಹೋಯಿತು" ಎಂದು ಬರೆಯುವ ಮೊದಲು ಮೀಡಿಯಂನಲ್ಲಿ ಸೀರಂ ಎಷ್ಟಿತ್ತು ಎಂದು ಬರೆಯಿರಿ. ಅದಿಲ್ಲದ ಪೇಪರನ್ನು ನಾನು ನಂಬುವುದೇ ಇಲ್ಲ.

ಪೆಗ್ ಬೇಕಾ ಬೇಡವಾ? ಬೇಕು, ಕಂಟ್ರೋಲ್ (ಹೋಲಿಸಿ ನೋಡುವ ಸ್ಯಾಂಪಲ್) ಆಗಿಯಾದರೂ ಬೇಕೇ ಬೇಕು. ಒಂದು ತುದಿಯಲ್ಲಿ ಥಯೋಲ್ ಇರುವ 5000 ಡಾಲ್ಟನ್ನಿನ ಪೆಗ್ ಎಲ್ಲರೂ ಬಳಸುವಂಥದ್ದು. ಸಿಟ್ರೇಟ್ ಸೋಲಿಗೆ (ಕಣಗಳು ತೇಲುತ್ತಿರುವ ನೀರಿಗೆ) ಜಾಸ್ತಿ ಪ್ರಮಾಣದಲ್ಲಿ ಹಾಕಿ, ರಾತ್ರಿಯಿಡೀ ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ ತೊಳೆದರೆ ಆಯಿತು. ಸರಿಯಾಗಿ ಕೂತಿದೆಯಾ ಅಂತ ತಿಳಿಯಲು ದುಬಾರಿ ಮೆಷಿನ್ ಬೇಡ. ಕ್ಯುವೆಟ್ಟಿನಲ್ಲಿ ಸ್ವಲ್ಪ ಸೋಲು ತಗೊಂಡು ಉಪ್ಪಿನ ದ್ರಾವಣ ಬಿಡಿ. ಬರೀ ಸಿಟ್ರೇಟ್ ಆಗಿದ್ದರೆ ಕಣ್ಣೆದುರೇ ನೀಲಿಯಾಗುತ್ತದೆ, ಸ್ಪೆಕ್ಟ್ರಂನಲ್ಲಿ 520 ನ್ಯಾನೋಮೀಟರ್ ಬೆಳಕಿನ ಶಿಖರ ಕುಸಿದು 600ರ ಆಚೆ ದಪ್ಪನೆಯ ಗುಡ್ಡ ಏಳುತ್ತದೆ. ಪೆಗ್ ಚೆನ್ನಾಗಿ ಕೂತಿದ್ದರೆ ಕೆಂಪು ಕೆಂಪಾಗೇ ಇರುತ್ತದೆ. ಈ ಗ್ರಾಫನ್ನು ಥೀಸಿಸ್‌ನಲ್ಲಿ ಹಾಕಿ, ವೈವಾದಲ್ಲಿ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ.

ಪೆಗ್ ಹಾಕಿದ ಕಣ ಪೊರೆಗೆ ಕಡಿಮೆ ಅಂಟುತ್ತದೆ, ಪ್ರೋಟೀನೂ ಕಡಿಮೆ ಹಿಡಿಯುತ್ತದೆ, ಕೋಶದೊಳಗೂ ಕಡಿಮೆ ಹೋಗುತ್ತದೆ. ರಕ್ತದಲ್ಲಿ ಹೆಚ್ಚು ಹೊತ್ತು ಓಡಾಡಲಿ ಅಂತಲೇ ಔಷಧದ ಕಡೆಯವರು ಇದನ್ನು ಬಳಸುತ್ತಾರೆ. 27 ನ್ಯಾನೋಮೀಟರಿನ ಚಿನ್ನದ ಮೇಲೆ ಪೆಗ್ ಮತ್ತು ಟಿಎನ್ಎಫ್ ಅನ್ನುವ ಪ್ರೋಟೀನು ಕೂರಿಸಿದ ಸಿವೈಟಿ-6091 ಅನ್ನುವ ಕ್ಯಾನ್ಸರ್ ಔಷಧ ಮನುಷ್ಯರ ಮೇಲೆ ಮೊದಲ ಹಂತದ ಪರೀಕ್ಷೆ ದಾಟಿತ್ತು. ನಿಮ್ಮ ಪ್ರಯೋಗದಲ್ಲಿ ಮಾತ್ರ ಪೆಗ್‌ಗೆ ಬೇರೆ ಕೆಲಸ. ಪೆಗ್ ಕಣವೂ ಪೊರೆಯನ್ನು ಸೋರಿಸಿತು ಅಂತ ಬಂದರೆ ಕಣದ ಬದಲು ನಿಮ್ಮ ಬಫರನ್ನು ಮೊದಲು ಅನುಮಾನಿಸಿ.

ಧನ ಚಾರ್ಜಿನ ಕೋಟಿಂಗು ಗಲಾಟೆ ಮಾಡುವ ಗುಂಪು. ಋಣ ಚಾರ್ಜಿನ ಪೊರೆ, ಧನ ಚಾರ್ಜಿನ ಕಣ, ಸೆಳೆತ ಜೋರು. 2004ರಲ್ಲಿ ರೊಟೆಲ್ಲೋ ಅವರ ತಂಡ 2 ನ್ಯಾನೋಮೀಟರಿನ ಚಿನ್ನದ ಕಣಗಳನ್ನು ಎರಡು ಬಗೆಯಲ್ಲಿ ಮಾಡಿ ಹೋಲಿಸಿತು. ಧನ ಚಾರ್ಜಿನವು ಕೋಶಗಳಿಗೆ ಹಾನಿ ಮಾಡಿದವು, ಕೃತಕ ಪೊರೆಯ ಚೀಲಗಳನ್ನೂ ಒಡೆದವು. ಋಣ ಚಾರ್ಜಿನವು ಹೆಚ್ಚುಕಡಿಮೆ ನಿರುಪದ್ರವಿ. ಚಿನ್ನ ಅದೇ, ಗಾತ್ರ ಅದೇ. ಸೋರುವಿಕೆ ತೋರಿಸಲು ಒಂದು ಪಾಸಿಟಿವ್ ಕಂಟ್ರೋಲ್ ಬೇಕು ಅಂದರೆ ಇದನ್ನೇ ಆರಿಸಿ. ಪಾಲಿಲೈಸಿನ್ ಅಥವಾ ಪಾಲಿಎಥಿಲೀನ್ ಇಮೈನ್ ಸುತ್ತಿದ ಕಣ ಸುಲಭವಾಗಿ ಆಗುತ್ತದೆ. ಆದರೆ ತೊಳೆಯುವುದರಲ್ಲಿ ಸೋಮಾರಿತನ ಬೇಡ. ನೀರಿನಲ್ಲಿ ಉಳಿದ ಬಿಡಿ ಪಾಲಿಮರೇ ಪೊರೆ ಒಡೆಯಬಲ್ಲದು, ಹೆಸರು ಕಣಕ್ಕೆ ಬರುತ್ತದೆ.

ಸಿ-ಟ್ಯಾಬ್ ವಿಷಯದಲ್ಲೂ ಇದೇ ತಕರಾರು, ಇನ್ನೂ ಜಾಸ್ತಿ. ಚಿನ್ನದ ಕಡ್ಡಿಗಳನ್ನು, ಅಂದರೆ ನ್ಯಾನೋರಾಡ್‌ಗಳನ್ನು, ಬೆಳೆಸುವುದೇ ಸಿ-ಟ್ಯಾಬ್ ನೀರಿನಲ್ಲಿ. ಅದೊಂದು ಡಿಟರ್ಜೆಂಟು, ಲಿಪಿಡ್ ಪದರವನ್ನು ಕರಗಿಸುವುದೇ ಅದರ ಕಸುಬು. 2009ರಲ್ಲಿ ಮರ್ಫಿ ಅವರ ತಂಡ ಕಡ್ಡಿಗಳನ್ನು ಸೆಂಟ್ರಿಫ್ಯೂಜಿನಲ್ಲಿ ಇಳಿಸಿ, ಕಣವೇ ಇಲ್ಲದ ಮೇಲಿನ ತಿಳಿಯನ್ನು ಕೋಶಗಳಿಗೆ ಕೊಟ್ಟು ನೋಡಿತು. ಕೋಶ ಸಾಯಿಸುತ್ತಿದ್ದುದು ಆ ತಿಳಿಯಲ್ಲಿದ್ದ ಬಿಡಿ ಸಿ-ಟ್ಯಾಬ್. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ನೀವೂ ಮಾಡಿ. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಸಿ-ಟ್ಯಾಬ್ 25 ಡಿಗ್ರಿಯ ಆಸುಪಾಸಿಗಿಂತ ತಣ್ಣಗಾದರೆ ಹರಳು ಕಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ತೀರ್ಥಹಳ್ಳಿ, ಸಾಗರದ ಕಡೆ ಲ್ಯಾಬ್ ತೆಗೆದರೆ ಬಾಟಲಿ ತಳದಲ್ಲಿ ಬಿಳಿ ಸೂಜಿಗಳು ನಿಂತಿರುತ್ತವೆ. ಮಳೆಗಾಲದಲ್ಲೂ ಹೀಗಾಗುವುದುಂಟು. ಕೆಟ್ಟುಹೋಯಿತು ಅಂತ ಚೆಲ್ಲಬೇಡಿ, 30 ಡಿಗ್ರಿ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ. ಹರಳು ಇರುವಾಗಲೇ ಸೆಂಟ್ರಿಫ್ಯೂಜಿಗೆ ಹಾಕಿದರೆ ಮಾತ್ರ ಹರಳೂ ಕಡ್ಡಿಯೂ ಒಟ್ಟಿಗೇ ತಳ ಸೇರುತ್ತವೆ.

ಎಣ್ಣೆಯಂಥ ತುದಿ ಮತ್ತು ನೀರಿಗೆ ಒಗ್ಗುವ ತುದಿ ಎರಡನ್ನೂ ಬೆರೆಸಿದ ಲಿಗ್ಯಾಂಡಿನ ಸಣ್ಣ ಕಣಗಳ ಬಗ್ಗೆ ಓದಿರುತ್ತೀರಿ. 2008ರಲ್ಲಿ ಸ್ಟೆಲಾಚ್ಚಿ ಅವರ ತಂಡ ಇಂಥ ಕಣಗಳು 4 ಡಿಗ್ರಿಯಲ್ಲೂ, ಅಂದರೆ ಕೋಶ ಏನನ್ನೂ ನುಂಗಲಾರದ ಚಳಿಯಲ್ಲೂ, ಪೊರೆ ಹರಿಯದೆ ಒಳಗೆ ಹೋದವು ಎಂದು ವರದಿ ಮಾಡಿತು. ಓದಲು ಸೊಗಸು. ಮಾಡಲು ಕಷ್ಟ. ಲಿಗ್ಯಾಂಡನ್ನೇ ತಯಾರಿಸುವ ಕೆಮಿಸ್ಟು ಜೊತೆಗಿಲ್ಲದಿದ್ದರೆ ಬಿಟ್ಟುಬಿಡಿ.

ಅಡಿಕೆ ಚೊಗರಿನ ಚಿನ್ನ

ಮಲೆನಾಡಿನಲ್ಲಿ ಕೂತು ಇದರ ಬಗ್ಗೆ ಬರೆಯದಿದ್ದರೆ ಹೇಗೆ? ಅಡಿಕೆ ಸಿಪ್ಪೆ, ಚೊಗರು (ಅಡಿಕೆ ಬೇಯಿಸಿದ ಒಗರು ನೀರು), ಮುರುಗಲು ಸಿಪ್ಪೆ, ಅಂಟುವಾಳ, ತೋಟದಲ್ಲಿ ಸಿಕ್ಕ ಎಲ್ಲದರ ಕಷಾಯದಲ್ಲೂ ಚಿನ್ನದ ಕಣ ಮಾಡಬಹುದು. ಟ್ಯಾನಿನ್, ಪಾಲಿಫಿನಾಲ್ ಇರುವ ಯಾವ ರಸವಾದರೂ ಚಿನ್ನದ ಅಯಾನನ್ನು ಲೋಹವಾಗಿ ಇಳಿಸುತ್ತದೆ. ಇದರಲ್ಲಿ ಹೊಸದೂ ಇಲ್ಲ. ಸಿಟ್ರೇಟಿನ ಜೊತೆ ಟ್ಯಾನಿಕ್ ಆಮ್ಲ ಬೆರೆಸಿ 3ರಿಂದ 17 ನ್ಯಾನೋಮೀಟರಿನ ಕಣ ಮಾಡುವ ವಿಧಾನವನ್ನು 1985ರಲ್ಲೇ ಸ್ಲಾಟ್ ಮತ್ತು ಗೊಯ್ಜ ಪ್ರಕಟಿಸಿದ್ದರು. ವ್ಯತ್ಯಾಸ ಇಷ್ಟೇ, ಅವರಿಗೆ ಏನು ಹಾಕಿದ್ದೇವೆ ಎಂದು ಗೊತ್ತಿತ್ತು.

ಚೊಗರಿನಲ್ಲಿ ಏನೇನಿದೆ? ಟ್ಯಾನಿನ್ ಇದೆ, ಸಕ್ಕರೆ ಇದೆ, ಅಡಿಕೆಯ ಆಲ್ಕಲಾಯ್ಡ್ ಇದೆ, ಈ ಸಲದ ಬೇಯಿಸುವಿಕೆಯಲ್ಲಿ ಒಂದು ಪ್ರಮಾಣ, ಮುಂದಿನ ಸಲ ಇನ್ನೊಂದು. ಅದೆಲ್ಲ ಸೇರಿ ಕಣದ ಮೈಮೇಲೆ ಕೂರುತ್ತದೆ. ಟ್ಯಾನಿನ್ ತಾನೇ ಪ್ರೋಟೀನಿಗೂ ಲಿಪಿಡ್ ತಲೆಗಳಿಗೂ ಅಂಟಿಕೊಳ್ಳುವಂಥದ್ದು, ಅಡಿಕೆ ಜಗಿದಾಗ ಬಾಯಿ ಒಗರಾಗುವುದೂ ಅದರಿಂದಲೇ. ಹೀಗಿರುವಾಗ ಕಣ ಪೊರೆಗೆ ಅಂಟಿತು ಅಂದರೆ ಅಂಟಿಸಿದ್ದು ಚಿನ್ನವಾ, ಚೊಗರಾ? ಕಣವಿಲ್ಲದ ಬರೀ ಕಷಾಯವನ್ನು ಅದೇ ಪ್ರಮಾಣದಲ್ಲಿ ಹಾಕಿ ನೋಡದಿದ್ದರೆ ಉತ್ತರ ಸಿಗುವುದಿಲ್ಲ.

ನನ್ನ ತೀರ್ಮಾನ ಖಾರವಾಗಿ ಕಾಣಬಹುದು. "ಈ ಗಿಡದ ರಸದಿಂದ ಸ್ಥಿರವಾದ ಚಿನ್ನದ ಕಣ ಆಗುತ್ತದಾ" ಅನ್ನುವುದು ನಿಮ್ಮ ಪ್ರಶ್ನೆಯಾದರೆ ಚೊಗರು ಒಳ್ಳೆಯ ಆಯ್ಕೆ, ಖರ್ಚಿಲ್ಲ, ಊರಿನದು. "ಕಣ ಪೊರೆಯೊಡನೆ ಹೇಗೆ ವರ್ತಿಸುತ್ತದೆ, ಯಾಕೆ" ಅನ್ನುವುದು ಪ್ರಶ್ನೆಯಾದರೆ ಚೊಗರನ್ನು ಮುಟ್ಟಬೇಡಿ. ಕೆಲವು ಗೈಡುಗಳಿಗೆ ಹಸಿರು ವಿಧಾನ ಅಂದರೆ ಭಾರೀ ಪ್ರೀತಿ, ಬಿಡಲೊಪ್ಪುವುದಿಲ್ಲ. ಹಾಗಿದ್ದರೆ ಸಿಟ್ರೇಟ್ ಕಣವನ್ನೂ ಪಕ್ಕದಲ್ಲಿ ಓಡಿಸಿ, ಬರೀ ಕಷಾಯವನ್ನೂ ಓಡಿಸಿ.

ಗಾತ್ರ

ಈಗ ನ್ಯಾನೋಮೀಟರಿಗೆ ಬರೋಣ. 2006ರಲ್ಲಿ ಟೊರಾಂಟೋದಲ್ಲಿ ದೇವಿಕಾ ಚಿತ್ರಾಣಿ ಮತ್ತು ವಾರೆನ್ ಚಾನ್ ಅವರ ತಂಡ 14, 30, 50, 74, 100 ನ್ಯಾನೋಮೀಟರಿನ ಕಣಗಳನ್ನು ಲ್ಯಾಬಿನಲ್ಲಿ ಬೆಳೆಸುವ ಹೀಲಾ ಕ್ಯಾನ್ಸರ್ ಕೋಶಗಳಿಗೆ ಕೊಟ್ಟಿತು. ಜಾಸ್ತಿ ಒಳಗೆ ಹೋದದ್ದು 50ರದು. ಚಿಕ್ಕದು ಸುಲಭವಾಗಿ ಹೋಗುತ್ತದೆ ಅಂದುಕೊಂಡವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಕಾರಣ ಪೊರೆ ಬಗ್ಗುವ ಖರ್ಚಿನಲ್ಲಿದೆ. ಗುಂಡು ಕಣವನ್ನು ಪೊರೆ ಪೂರ್ತಿ ಸುತ್ತಿಕೊಳ್ಳಲು ಬೇಕಾದ ಬಗ್ಗಿಸುವ ಶಕ್ತಿ ಕಣದ ಗಾತ್ರದ ಮೇಲೆ ನಿಂತಿಲ್ಲ, ಸಣ್ಣದಾದರೂ ದೊಡ್ಡದಾದರೂ ಹೆಚ್ಚುಕಡಿಮೆ ಅಷ್ಟೇ. ಸಾಮಾನ್ಯ ಪೊರೆಗೆ ಅದು ಉಷ್ಣ ಶಕ್ತಿಯ ಮಾನದಂಡದ 500 ಪಟ್ಟಿನಷ್ಟು ಬರುತ್ತದೆ. ಆ ಖರ್ಚನ್ನು ತುಂಬುವುದು ಕಣ ಮತ್ತು ಪೊರೆಯ ನಡುವಿನ ಅಂಟು. ಅಂಟು ಮಾತ್ರ ಕಣದ ಮೇಲ್ಮೈ ಜೊತೆ ಬೆಳೆಯುತ್ತದೆ. ಹಾಗಾಗಿ ತೀರಾ ಸಣ್ಣ ಕಣಕ್ಕೆ ಒಂಟಿಯಾಗಿ ಆ ಖರ್ಚು ತುಂಬಲಾಗುವುದಿಲ್ಲ, ಹಲವು ಸೇರಿದರೆ ಒಟ್ಟಿಗೆ ಹೋಗುತ್ತವೆ. ತೀರಾ ದೊಡ್ಡದಕ್ಕೆ ಅಂಟು ಬೇಕಾದಷ್ಟಿದೆ, ಆದರೆ ಸುತ್ತಿಕೊಳ್ಳಲು ಪೊರೆಯ ಮೇಲೆ ಕಣವನ್ನು ಹಿಡಿಯುವ ಪ್ರೋಟೀನುಗಳು, ಅಂದರೆ ರಿಸೆಪ್ಟರುಗಳು, ಸುತ್ತಲಿಂದ ಬಂದು ಸೇರಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಎರಡರ ನಡುವೆ 50ರ ಹತ್ತಿರ ಒಂದು ಹಿತವಾದ ಜಾಗ. 2005ರಲ್ಲೇ ಗಾವೊ, ಶಿ, ಫ್ರಾಯಿಂಡ್ ಲೆಕ್ಕ ಹಾಕಿ 50-60 ನ್ಯಾನೋಮೀಟರಿನ ವ್ಯಾಸ ಎಂದಿದ್ದರು.

ಇದನ್ನು ಓದಿ ಎಲ್ಲರೂ 50ಕ್ಕೇ ಹೋಗಬೇಕಾ? ಒಳಗೆ ಹೋಗುವುದನ್ನೇ ನೋಡಬೇಕಿದ್ದರೆ ಹೌದು. ಬರೀ ಪೊರೆಯ ಮೇಲಿನ ಅಂಟು ನೋಡಲು 15 ಸಾಕು, ಅದನ್ನು ಮಾಡುವುದೂ ಸುಲಭ. 1973ರಲ್ಲಿ ಫ್ರೆನ್ಸ್ ತೋರಿಸಿದಂತೆ ಸಿಟ್ರೇಟ್ ಕಡಿಮೆ ಮಾಡಿದಷ್ಟೂ ಕಣ ದೊಡ್ಡದಾಗುತ್ತದೆ, ಆದರೆ 50 ತಲುಪುವಾಗ ಗುಂಡಗಿನ ಆಕಾರ ಹಾಳಾಗಿ, ಗಾತ್ರ ಹರಡಿಕೊಂಡಿರುತ್ತದೆ. 50 ಬೇಕಿದ್ದರೆ 15ರ ಬೀಜದ ಮೇಲೆ ಹಂತ ಹಂತವಾಗಿ ಬೆಳೆಸಿ, ಇಲ್ಲ ಕೊಂಡುಕೊಳ್ಳಿ.

1-2 ನ್ಯಾನೋಮೀಟರಿನ ಲೋಕವೇ ಬೇರೆ. 2007ರ ಒಂದು ಜರ್ಮನ್ ಕೆಲಸದಲ್ಲಿ 1.4 ನ್ಯಾನೋಮೀಟರಿನ ಚಿನ್ನದ ಗೊಂಚಲು ಕೋಶಗಳನ್ನು ಕೊಂದಿತು, 15 ನ್ಯಾನೋಮೀಟರಿನದು 60 ಪಟ್ಟು ಹೆಚ್ಚು ಹಾಕಿದರೂ ಏನೂ ಮಾಡಲಿಲ್ಲ. ಬ್ರಸ್ಟ್ ಮತ್ತು ಷಿಫ್ರಿನ್ ಅವರ 1994ರ ಥಯೋಲ್ ವಿಧಾನದಲ್ಲಿ ಈ ಗಾತ್ರದ ಹತ್ತಿರ ಹೋಗಬಹುದು, ಆದರೆ ಅವು ಟಾಲೀನಿನಲ್ಲಿ ಕರಗುವಂಥವು, ನೀರಿಗೆ ತರಲು ಇನ್ನೊಂದು ಕಸರತ್ತು. 520ರ ಕೆಂಪು ಶಿಖರವೂ ಇಷ್ಟು ಸಣ್ಣದರಲ್ಲಿ ಸಿಗುವುದಿಲ್ಲ, ಬಣ್ಣ ನೋಡಿ ಕೆಲಸ ಮಾಡುವವರಿಗೆ ಕೈಯೇ ಕಟ್ಟಿದಂತೆ.

ಆಕಾರದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬೆಳಕಿನಿಂದ ಬಿಸಿ ಮಾಡಿ ಪೊರೆ ಒಡೆಯುವ ಯೋಚನೆ ಇದ್ದರೆ ಮಾತ್ರ ಕಡ್ಡಿ ಬೇಕು, ಅವು 700-900 ನ್ಯಾನೋಮೀಟರಿನ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಉಳಿದದ್ದಕ್ಕೆಲ್ಲ ಗುಂಡು. ಗುಂಡು ಹೆಚ್ಚು ಒಳಗೆ ಹೋಗುತ್ತದೆ, ಕಡ್ಡಿ ಕಡಿಮೆ ಎಂದು ಹೋಲಿಸಿದವರಿದ್ದಾರೆ, ಆದರೆ ಕಡ್ಡಿಯ ಮೈಮೇಲೆ ಸಿ-ಟ್ಯಾಬ್, ಗುಂಡಿನ ಮೇಲೆ ಸಿಟ್ರೇಟ್ ಇರುವಾಗ ಅದು ಆಕಾರದ ಹೋಲಿಕೆ ಹೇಗಾಯಿತು ಹೇಳಿ?

ಯಾವ ಪೊರೆ?

ಲೈಪೋಸೋಮಿನಲ್ಲಿ ನಿಮಗೆ ಬೇಕಾದ ಲಿಪಿಡನ್ನು ನೀವೇ ಹಾಕಿಕೊಳ್ಳಬಹುದು. ಡಿಪಿಪಿಸಿ ಅನ್ನುವ ಲಿಪಿಡ್ 41 ಡಿಗ್ರಿಯವರೆಗೆ ಗಟ್ಟಿ, ಡಿಒಪಿಸಿ ರೂಮಿನ ತಾಪದಲ್ಲಿ ಪೂರ್ತಿ ಮೆತ್ತಗೆ. ಈ ಜೋಡಿಯನ್ನೇ ಹೋಲಿಕೆಗೆ ತಗೊಳ್ಳಿ, ತುಂಬಾ ಚೆಂದದ ಪ್ರಯೋಗ. ಸಿಟ್ರೇಟ್ ಕಣಗಳನ್ನು ಮೆತ್ತಗಿನ ಲೈಪೋಸೋಮಿಗೆ ಬೆರೆಸಿದರೆ ಕಣಗಳು ಅದರ ಮೈಮೇಲೆ ಒತ್ತೊತ್ತಾಗಿ ಸೇರಿ ಕೆಂಪು ನೀಲಿಯ ಕಡೆ ಜಾರುತ್ತದೆ, ಗಟ್ಟಿ ಲೈಪೋಸೋಮಿನ ಜೊತೆ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಪೊರೆ ಎಷ್ಟು ಬಗ್ಗುತ್ತದೆ ಅನ್ನುವುದನ್ನು ಒಂದು ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡಿದ ಹಾಗೆ. ಲೈಪೋಸೋಮ್ ಇಲ್ಲದ ಅದೇ ಬಫರಿನಲ್ಲಿ ಕಣ ಕೆಂಪಾಗೇ ಉಳಿದಿದೆಯಾ ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಉಪ್ಪಿನ ಕೆಲಸವನ್ನು ಪೊರೆಯ ಲೆಕ್ಕಕ್ಕೆ ಬರೆಯುತ್ತೀರಿ. ಸೋರುವಿಕೆಗೆ ಕ್ಯಾಲ್ಸೀನ್ ಅನ್ನುವ ಹೊಳೆಯುವ ಬಣ್ಣ ತುಂಬಿದ ಲೈಪೋಸೋಮ್ ಬಳಸುತ್ತಾರೆ, ಬಣ್ಣ ಹೊರಗೆ ಬಂದಷ್ಟೂ ಹೊಳಪು ಏರುತ್ತದೆ. ಇಲ್ಲೊಂದು ಬಲೆ ಇದೆ. ಚಿನ್ನ ತಾನೇ ಹತ್ತಿರದ ಫ್ಲೋರೆಸೆನ್ಸನ್ನು ನುಂಗುತ್ತದೆ, ಕ್ಯಾಲ್ಸೀನ್ ಹೊಳೆಯುವ ಜಾಗದಲ್ಲೇ ಅದರ ಬಣ್ಣವೂ ಇದೆ. ಹಾಗಾಗಿ ಸೋರಿದ್ದಕ್ಕಿಂತ ಕಡಿಮೆ ಕಾಣುತ್ತದೆ. ಕ್ಯಾಲ್ಸೀನ್ ಮತ್ತು ಚಿನ್ನ ಮಾತ್ರ ಬೆರೆಸಿದ ಕಂಟ್ರೋಲ್ ಇಲ್ಲದಿದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ.

ಕೆಂಪು ರಕ್ತಕಣ ನಮ್ಮಂಥ ಲ್ಯಾಬುಗಳಿಗೆ ವರ. ನಿಜವಾದ ಪೊರೆ, ಸಕ್ಕರೆ ಸರ ಸಮೇತ. ಅದು ಬೇರೆ ಕೋಶಗಳ ಹಾಗೆ ಕಣವನ್ನು ನುಂಗುವುದಿಲ್ಲ, ಹಾಗಾಗಿ ಕಾಣುವುದೆಲ್ಲ ಪೊರೆಯ ನೇರ ವರ್ತನೆ. ಮನುಷ್ಯರ ರಕ್ತಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಮಟನ್ ಅಂಗಡಿಯವರ ಹತ್ತಿರ ಮೊದಲೇ ಹೇಳಿ ಸಿಟ್ರೇಟ್ ಹಾಕಿದ ಟ್ಯೂಬಿನಲ್ಲಿ ಕುರಿ ರಕ್ತ ತರುವುದು ಸುಲಭ. ತೊಂದರೆ ಅಳೆಯುವಾಗ. ರಕ್ತಕಣ ಒಡೆದರೆ ಹಿಮೋಗ್ಲೋಬಿನ್ ಹೊರಗೆ ಬರುತ್ತದೆ, ಅದನ್ನು ಎಲ್ಲರೂ 540ರಲ್ಲಿ ಓದುತ್ತಾರೆ. 15ರ ಚಿನ್ನದ ಶಿಖರ 520ರಲ್ಲಿ, 50ರದು 530ರ ಮೇಲೆ. ಎರಡೂ ಕೆಂಪು, ಎರಡೂ ಒಂದೇ ಜಾಗದಲ್ಲಿ! ರಕ್ತಕಣ ಇಳಿಸುವಷ್ಟು ಮೆಲ್ಲಗೆ ತಿರುಗಿಸಿದರೆ 15ರ ಚಿನ್ನ ಮೇಲಿನ ತಿಳಿಯಲ್ಲೇ ಉಳಿದು ಶೇಕಡಾವಾರು ಒಡೆತವನ್ನು ಏರಿಸಿ ತೋರಿಸುತ್ತದೆ. ಅಷ್ಟೇ ಚಿನ್ನ, ರಕ್ತಕಣ ಇಲ್ಲದ ಟ್ಯೂಬೊಂದನ್ನು ಪ್ರತಿ ಪ್ರಮಾಣಕ್ಕೂ ಇಟ್ಟು ಕಳೆಯಬೇಕು. ಇಲ್ಲವೇ ಆ ತಿಳಿಯನ್ನು ಇನ್ನೊಂದು ಸಲ ಜೋರಾಗಿ ತಿರುಗಿಸಿ ಚಿನ್ನವನ್ನು ಇಳಿಸಿ ಓದಬೇಕು. ಪಿಬಿಎಸ್‌ನಲ್ಲಿ ಸಿಟ್ರೇಟ್ ಕಣ ನಿಲ್ಲುವುದಿಲ್ಲ ಎಂದು ಆಗಲೇ ಹೇಳಿದೆ. ಉಪ್ಪಿನ ಬದಲು ಸುಮಾರು 10 ಶೇಕಡಾ ಸುಕ್ರೋಸ್ ಬಳಸಿದರೆ ರಕ್ತಕಣ ಉಬ್ಬುವುದೂ ಇಲ್ಲ, ಚಿನ್ನ ಗಂಟು ಕಟ್ಟುವುದೂ ಇಲ್ಲ.

ಕಲ್ಚರಿನ ಕೋಶ ಬೇಕಾದವರು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ (ಎನ್‌ಸಿಸಿಎಸ್) ತರಿಸುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗೆ ಅಂತ ನಿಮಗೇ ಗೊತ್ತು, ಇನ್‌ಕ್ಯುಬೇಟರಿಗೆ ಯುಪಿಎಸ್ ಇಲ್ಲದೆ ಜೂನ್‌ನಲ್ಲಿ ಶುರು ಮಾಡಬೇಡಿ. ಇಲ್ಲಿಯ ದೊಡ್ಡ ಪ್ರಶ್ನೆ, ಕಣ ಒಳಗಿದೆಯಾ ಅಥವಾ ಪೊರೆಯ ಹೊರಗೆ ಅಂಟಿಕೊಂಡಿದೆಯಾ ಅನ್ನುವುದು. ಕೋಶವನ್ನು ಕರಗಿಸಿ ಚಿನ್ನ ಅಳೆದರೆ ಎರಡೂ ಒಂದೇ ಲೆಕ್ಕದಲ್ಲಿ ಬರುತ್ತದೆ. 4 ಡಿಗ್ರಿಯಲ್ಲಿ ಒಂದು ಸೆಟ್, 37ರಲ್ಲಿ ಒಂದು ಸೆಟ್ ಇಟ್ಟರೆ ಅಂಟಿದ್ದೆಷ್ಟು, ನುಂಗಿದ್ದೆಷ್ಟು ಅನ್ನುವ ಅಂದಾಜು ಸಿಗುತ್ತದೆ. ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಬೆರಕೆ ಸ್ವಲ್ಪ ಹೊತ್ತು ಹಾಕಿದರೆ ಹೊರಗಿನ ಚಿನ್ನ ಕರಗಿಹೋಗಿ ಒಳಗಿನದು ಉಳಿಯುತ್ತದೆ, ಇದನ್ನು 2009ರಲ್ಲಿ ಯೂನಾನ್ ಷಿಯಾ ಅವರ ತಂಡ ತೋರಿಸಿತು. ಒಳಗೆ ಹೋದದ್ದರಲ್ಲೂ ಬಹುಪಾಲು ಎಂಡೋಸೋಮ್ ಚೀಲದಲ್ಲೇ ಕೂತಿರುತ್ತದೆ. ಚೀಲದೊಳಗೆ ಇದೆ ಅಂದರೆ ಕೋಶದ ರಸಕ್ಕೆ ಇನ್ನೂ ಬಂದಿಲ್ಲ ಎಂದೇ ಅರ್ಥ. ಕೋಶ ಬದುಕಿದೆಯಾ ಎಂದು ಬಣ್ಣದಿಂದ ತಿಳಿಯುವ ಎಂಟಿಟಿ ಪರೀಕ್ಷೆಯಲ್ಲೂ 570ರ ಓದಿಗೆ ಚಿನ್ನದ ಬಣ್ಣ ಸೇರಿಕೊಳ್ಳುತ್ತದೆ, ಅದನ್ನೂ ಕಳೆಯಿರಿ.

ಯಾವುದೂ ಇಲ್ಲ, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಮಾತ್ರ ಇದೆ ಅಂದರೆ ಸಿಮ್ಯುಲೇಷನ್ ಮಾಡಿ. ಗ್ರೋಮ್ಯಾಕ್ಸ್ ಅನ್ನುವ ಸಾಫ್ಟ್‌ವೇರು ಉಚಿತ. ಮಾರ್ಟಿನಿ ಮಾದರಿಯಲ್ಲಿ ನಾಲ್ಕರಷ್ಟು ಭಾರದ ಪರಮಾಣುಗಳನ್ನು ಒಂದು ಮಣಿಯಾಗಿ ಎಣಿಸುವುದರಿಂದ ಲೆಕ್ಕ ಬೇಗ ಓಡುತ್ತದೆ. 2-5 ನ್ಯಾನೋಮೀಟರಿನ ಕಣಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ, 50ಕ್ಕೆ ಇಲ್ಲ.

ಎಷ್ಟು ಹಾಕಬೇಕು?

ಎರಡು ಗಾತ್ರ ಹೋಲಿಸುವವರು ಇಲ್ಲಿ ಎಡವುತ್ತಾರೆ. 14 ಮತ್ತು 50 ನ್ಯಾನೋಮೀಟರಿನ ಕಣಗಳನ್ನು ಒಂದೇ ಮೈಕ್ರೋಗ್ರಾಂ ಲೆಕ್ಕದಲ್ಲಿ ಹಾಕಿದಿರಿ ಅಂದುಕೊಳ್ಳಿ. ತೂಕ ಒಂದೇ, ಆದರೆ 14ರ ಕಣಗಳ ಸಂಖ್ಯೆ ಸುಮಾರು 45 ಪಟ್ಟು ಜಾಸ್ತಿ, ಒಟ್ಟು ಮೇಲ್ಮೈ ಮೂರೂವರೆ ಪಟ್ಟು ಜಾಸ್ತಿ. "ಚಿಕ್ಕದು ಹೆಚ್ಚು ಹಾನಿ ಮಾಡಿತು" ಅಂತ ಬಂದರೆ ಅದು ಗಾತ್ರದಿಂದಲಾ, ಸಂಖ್ಯೆಯಿಂದಲಾ? ಪೊರೆಯ ಅಂಟಿನ ವಿಷಯದಲ್ಲಿ ಮೇಲ್ಮೈ ಸಮ ಮಾಡಿ ಹೋಲಿಸುವುದು ನನಗೆ ಸರಿ ಕಾಣುತ್ತದೆ, ಒಳಗೆ ಹೋಗುವುದಕ್ಕೆ ಸಂಖ್ಯೆ ಸಮ ಮಾಡಿ. ದೊಡ್ಡ ಕಣ ತಳಕ್ಕೆ ಇಳಿದು ಕೋಶದ ಮೇಲೆ ಕೂರುವುದೂ ಉಂಟು. 2011ರಲ್ಲಿ ಷಿಯಾ ಅವರ ತಂಡವೇ ಕೋಶಗಳನ್ನು ತಲೆಕೆಳಗಾಗಿ ನೇತುಹಾಕಿ, ಬೇಗ ಇಳಿಯುವ ಕಣಗಳು ಹಾಗೆ ಮಾಡಿದಾಗ ಕಡಿಮೆ ಸೇರಿದವು ಎಂದು ತೋರಿಸಿತು.

ಮಾಡಿಕೊಳ್ಳೋದಾ, ಕೊಂಡುಕೊಳ್ಳೋದಾ?

15ರ ಸಿಟ್ರೇಟ್ ಕಣ ಮಾಡಿಕೊಳ್ಳಿ. ಒಂದು ಗ್ರಾಂ ಕ್ಲೋರೋ ಆರಿಕ್ ಆಮ್ಲಕ್ಕೆ ಹಲವು ಸಾವಿರ ಕೊಡಬೇಕಾದರೂ ಅದರಲ್ಲಿ 0.25 ಮಿಲಿಮೋಲಾರಿನ ಸೋಲು ಸುಮಾರು 10 ಲೀಟರ್ ಆಗುತ್ತದೆ, ಇಡೀ ವಿಭಾಗಕ್ಕೆ ಸಾಕು. ಗಾಜನ್ನು ಆಕ್ವಾ ರೀಜಿಯಾದಲ್ಲಿ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಬೆರಕೆ) ತೊಳೆಯದೆ ಮಾಡಿದರೆ ಮಾತ್ರ ಎಲ್ಲ ವ್ಯರ್ಥ. 50ರದ್ದು ಮತ್ತು ಕಡ್ಡಿ, ಬಜೆಟ್ ಇದ್ದರೆ ಕೊಂಡುಕೊಳ್ಳಿ. ಕೊಳ್ಳುವಾಗ ಗಾತ್ರದ ಜೊತೆ ಮೈಮೇಲೆ ಏನಿದೆ, ಯಾವ ಬಫರಿನಲ್ಲಿದೆ, ಸಂರಕ್ಷಕ ಏನಾದರೂ ಹಾಕಿದ್ದಾರಾ ಎಂದು ಕೇಳಿ. ಸೋಡಿಯಂ ಅಜೈಡ್ ಇದ್ದರೆ ಅದೇ ಕೋಶಕ್ಕೆ ವಿಷ, ನುಂಗುವುದನ್ನೂ ನಿಲ್ಲಿಸುತ್ತದೆ.

ಕ್ಲೋರೋ ಆರಿಕ್ ಆಮ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಜುಲೈನಲ್ಲಿ ಬಾಟಲಿ ತೆರೆದಿಟ್ಟು ತೂಗಲು ಹೋದರೆ, ತಕ್ಕಡಿಯ ಅಂಕಿ ಏರುತ್ತಾ ಹೋಗುತ್ತದೆ, ಕಿತ್ತಳೆ ಹರಳು ಅಂಟು ಪಾಕವಾಗುತ್ತದೆ. ಬಂದ ದಿನವೇ ಒಂದು ಗ್ರಾಂ ಬಾಟಲಿಯನ್ನು ತೂಗದೆ ಇಡಿಯಾಗಿ ನೀರಿನಲ್ಲಿ ಕರಗಿಸಿ, ಗಾಢ ಸ್ಟಾಕ್ ಮಾಡಿ, ಕಂದು ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಸ್ಟೀಲ್ ಚಮಚ ಹಾಕಬೇಡಿ, ಅದರ ಮೇಲೇ ಚಿನ್ನ ಕೂರುತ್ತದೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಬೆಂಗಳೂರಿಗೋ ಮಣಿಪಾಲಕ್ಕೋ ಸ್ಯಾಂಪಲ್ ಕಳಿಸಬೇಕು. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ಎಷ್ಟು ಕುಲುಕಿದರೂ ಸೋಲಿಗೆ ಏನೂ ಆಗುವುದಿಲ್ಲ. ಐಸ್ ಪ್ಯಾಕಿಗೆ ತಾಗಿಸಿ ಮಾತ್ರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದರೆ ಸಿಟ್ರೇಟ್ ಕಣಗಳು ಗಂಟಾಗುತ್ತವೆ, ಕರಗಿದ ಮೇಲೆ ಅಲ್ಲಾಡಿಸಿದರೂ ಕೆಂಪು ವಾಪಸ್ ಬರುವುದಿಲ್ಲ. ಕಳಿಸುವ ಮೊದಲು ಒಂದು ಸ್ಪೆಕ್ಟ್ರಂ ತೆಗೆದಿಟ್ಟುಕೊಳ್ಳಿ, ಅಲ್ಲಿ ತಲುಪಿದ ಮೇಲೆ ಗ್ರಿಡ್ (ಸ್ಯಾಂಪಲ್ ಹನಿ ಒಣಗಿಸುವ ಸಣ್ಣ ಜಾಲರಿ) ಮಾಡುವ ಮೊದಲು ಇನ್ನೊಂದು ತೆಗೆಯಲು ಹೇಳಿ. ಎರಡೂ ಒಂದೇ ಥರ ಇದ್ದು ಚಿತ್ರದಲ್ಲಿ ಕಣಗಳು ಗುಂಪಾಗಿ ಕಂಡರೆ, ಅದು ಗ್ರಿಡ್ ಮೇಲೆ ಹನಿ ಒಣಗುವಾಗ ಆದದ್ದು.